ಬೆಲ್‌ಬಾಟಂ ಅಕ್ಷರ

ಕಂಪ್ಯೂಟರಿನಲ್ಲಿ ಆ ಥರದ ಅಕ್ಷರಕ್ಕೆ, ಅಂದರೆ ಆ ಫಾಂಟಿಗೆ, ಏನೋ ಒಂದು ಘನವಾದ ಹೆಸರಿದೆ. ಮೂಡಿಗೆರೆಯಲ್ಲಿ ಬೋರ್ಡು, ಫ್ಲೆಕ್ಸ್ ಮಾಡುವ ನನ್ನ ಅಂಗಡಿಯಲ್ಲಿ ನಾನು ಅದನ್ನು ಬೆಲ್‌ಬಾಟಂ ಎಂದೇ ಕರೆಯುವುದು. ನಾನು ಚಿಕ್ಕವಳಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಕೆಲಸವಿಲ್ಲದ ಕೆಲವರು ಅಂಥ ಪ್ಯಾಂಟು ಹಾಕಿಕೊಂಡು ನಿಂತಿರುತ್ತಿದ್ದರು. ತೊಡೆಯ ಹತ್ತಿರ ಬಿಗಿ, ಪಾದದ ಹತ್ತಿರ ರಸ್ತೆ ಗುಡಿಸುವಷ್ಟು ಅಗಲ. ಈ ಅಕ್ಷರದ್ದೂ ಅದೇ ಅವತಾರ. ಗೆರೆ ನಡುವಿನಲ್ಲಿ ಸ್ವಲ್ಪ ಸಣ್ಣಗಾಗಿ, ತುದಿಗೆ ಬಂದ ಕೂಡಲೇ ಎರಡೂ ಕಡೆಗೆ ಹರಡಿಕೊಳ್ಳುತ್ತದೆ. ತಲೆಕಟ್ಟಿನ ತುದಿ ಊದಿಕೊಂಡಿರುತ್ತದೆ, ಒತ್ತಕ್ಷರದ ಬಾಲ ಊದಿಕೊಂಡಿರುತ್ತದೆ, ಕೊಂಬು ದೀರ್ಘಗಳನ್ನಂತೂ ಕೇಳುವುದೇ ಬೇಡ. ಇದರ ಮೇಲೆ ಇಡೀ ಮೈ ದಪ್ಪ. ಹತ್ತು ಅಕ್ಷರಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಮದುವೆಮನೆಯ ಮೊದಲ ಸಾಲಿನಲ್ಲಿ ಕೂತ ಹತ್ತು ಬೀಗರ ಹಾಗೆ ಕಾಣುತ್ತವೆ. ಯಾರೂ ಯಾರಿಗೂ ಜಾಗ ಬಿಡುವುದಿಲ್ಲ.

ಅದನ್ನು ಈ ಸೀಮೆಗೆ ತಂದವಳು ನಾನೇ. ಬೇರೆಯವರು ಎತ್ತಿ ಆಡುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ತೋಟಕ್ಕೆ ಕಾಫಿ ಹಣ್ಣು ಕೊಯ್ಯಲು ಹೋಗುತ್ತಿದ್ದ ಒಬ್ಬ ಹೆಂಗಸಿನ ಕಾಲು ಮುರಿಯಿತು. ಅದಕ್ಕೆ ಆ ಅಕ್ಷರ ಅರ್ಧ ಕಾರಣ, ಇನ್ನರ್ಧ ಕಾರಣ ನಾನು. ಆನೆಯನ್ನು ನಾನು ದೂರುವುದಿಲ್ಲ. ಅದಕ್ಕೆ ಓದುಬರಹ ಗೊತ್ತಿಲ್ಲ.

ಕಂಪ್ಯೂಟರ್ ಮುಟ್ಟುವ ಮೊದಲು ನಾನು ಬ್ರಷ್ ಹಿಡಿದವಳು. ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದೆ, ಟೀಚರ್ ಕೆಲಸ ಸಿಗಲಿಲ್ಲ. ತೋಟದ ಗೇಟುಗಳಿಗೆ ಬೋರ್ಡು ಬರೆಯಲು ಶುರುಮಾಡಿದೆ. ಕಾಫಿ ಮೂಟೆಗಳ ಮೇಲೆ ತೋಟದ ಗುರುತು ಹಾಕುವುದಕ್ಕೆ ತಗಡಿನಲ್ಲಿ ಅಕ್ಷರ ಕೊರೆದು ಕೊಡುತ್ತಿದ್ದೆ. ಬಣ್ಣದ ಡಬ್ಬಿ ಹಿಡಿದುಕೊಂಡು ಬಸ್ಸಿನಲ್ಲಿ ಕಳಸ, ಸಂಸೆಯವರೆಗೂ ಹೋಗಿ ಬಂದಿದ್ದೇನೆ. ಹೆಂಗಸು ಏಣಿ ಹತ್ತಿ ಬೋರ್ಡು ಬರೆಯುವುದನ್ನು ನೋಡಲು ಜನ ನಿಲ್ಲುತ್ತಿದ್ದರು, ಬರೆದದ್ದನ್ನು ಮಾತ್ರ ಯಾರೂ ಓದುತ್ತಿರಲಿಲ್ಲ.

ಆದ್ದರಿಂದ ಈ ತುದಿ ಅಗಲವಾಗುವ ವಿದ್ಯೆ ಎಲ್ಲಿಂದ ಬಂತು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಪ್ಪಟೆ ಬ್ರಷ್ಷಿನಲ್ಲಿ ಗೆರೆ ಎಳೆಯುವಾಗ ಶುರುವಿನಲ್ಲಿ ಒಮ್ಮೆ ಒತ್ತಬೇಕು, ಮುಗಿಯುವಲ್ಲಿ ಇನ್ನೊಮ್ಮೆ ಒತ್ತಿ ಎತ್ತಬೇಕು. ಇಲ್ಲದಿದ್ದರೆ ತುದಿ ಹರಕಲಾಗುತ್ತದೆ. ಒತ್ತಿದ ಕಡೆ ಗೆರೆ ತಾನಾಗಿ ಒಂದಿಷ್ಟು ಅಗಲವಾಗುತ್ತದೆ, ಅಷ್ಟೇ. ಅದು ಕೆಲಸ ಮಾಡಿದ ಕೈಯ ಗುರುತು. ಕಂಪ್ಯೂಟರಿಗೆ ಅಕ್ಷರ ಮಾಡುವವರು ಆ ಕೈಯನ್ನು ಬಿಟ್ಟು ಅಗಲವನ್ನು ಮಾತ್ರ ಎತ್ತಿಕೊಂಡರು. ಎತ್ತಿಕೊಂಡವರು ಅಳತೆಯಲ್ಲೂ ಎತ್ತಿಕೊಳ್ಳಲಿಲ್ಲ, ನಾಲ್ಕು ಪಟ್ಟು ಹೆಚ್ಚು ಮಾಡಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈ ಅಕ್ಷರವನ್ನು ನೋಡಿದಾಗೆಲ್ಲ ನನಗೆ ಆ ಕೊಡೆ ನೆನಪಾಗುತ್ತದೆ.

ಆದರೂ ಅದಕ್ಕೆ ಒಂದು ಉಪಯೋಗವಿದೆ. ಸುಳ್ಳು ಹೇಳಬಾರದು. ಹೆಸರು ಚಿಕ್ಕದಿರಬೇಕು, ಅಳತೆ ದೊಡ್ಡದಿರಬೇಕು, ಸುತ್ತ ಖಾಲಿ ಜಾಗ ಇರಬೇಕು. ಆಗ ಅದು ನಿಂತರೆ ನಿಂತ ಹಾಗೆ ಇರುತ್ತದೆ. ಕೊಟ್ಟಿಗೆಹಾರದ ರಸ್ತೆಯಲ್ಲಿ ತೋಟವಿದ್ದ ಒಬ್ಬ ಸಾಹುಕಾರರು ಹಳೆಯ ಬಂಗಲೆಯನ್ನು ಹೋಂಸ್ಟೇ ಮಾಡಿ ಬೋರ್ಡು ಕೇಳಲು ಬಂದಾಗ ನಾನೇ ಅದನ್ನು ಹುಡುಕಿ ತೋರಿಸಿದೆ. ಅವರ ತೋಟದ ಹೆಸರು ಮೂರೇ ಅಕ್ಷರದ್ದು. ಕಡು ಹಸಿರು ಬಣ್ಣದ ಮೇಲೆ ಬಂಗಾರದ ಬಣ್ಣದಲ್ಲಿ ಆ ಮೂರು ಅಕ್ಷರ ಬರೆದು, ಕೆಳಗೆ ಹಣ್ಣು ತುಂಬಿದ ಕಾಫಿ ಕಡ್ಡಿಯೊಂದರ ಚಿತ್ರ ಇಟ್ಟೆ. ಹೊರನಾಡಿಗೆ ಹೋಗುವ ಕಾರುಗಳು ಕೂಡ ನಿಧಾನ ಮಾಡಿ ನೋಡುತ್ತಿದ್ದವು. ನನಗೂ ಆಗ ಜಂಬ ಬಂದಿತ್ತು.

ಆಮೇಲೆ ಹಿಡಿಯಿತು ಊರಿಗೆ ಗ್ರಹಚಾರ. ಮೊದಲು ಪಕ್ಕದ ತೋಟದವರ ಹೋಂಸ್ಟೇ ಬಂತು, ಆಮೇಲೆ ಅದರ ಪಕ್ಕದ್ದು. ಎಲ್ಲರಿಗೂ ಅದೇ ಹಸಿರು, ಅದೇ ಬಂಗಾರ, ಅದೇ ಅಕ್ಷರ. ಅರ್ಧ ಚಿಕೋರಿ ತುಂಬಿದ ಕಾಫಿಪುಡಿ ಪೊಟ್ಟಣಕ್ಕೂ ಅದೇ ಬೇಕೆಂದರು. ಕೋಳಿ ಅಂಗಡಿಯವನು ಬಂದು, ಅಕ್ಕ, ಆ ರಿಚ್ ಆಗಿ ಕಾಣ್ತದಲ್ಲ, ಆ ಅಕ್ಷರ ಹಾಕಿ ಅಂದ. ಹಾಕಿದೆ. ಒಬ್ಬರ ತಂದೆ ತೀರಿಕೊಂಡಾಗ ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಲು ಬಂದ ಮಗ ಕಣ್ಣೊರೆಸಿಕೊಳ್ಳುತ್ತಲೇ ಬಂಗಾರದ ಬಣ್ಣ ಇರಲಿ ಎಂದ. ಸತ್ತವರು ಹೊಸ ಬ್ರ್ಯಾಂಚ್ ತೆರೆದ ಹಾಗೆ ಕಾಣುತ್ತಿತ್ತು. ಗೋಡೆಯ ಬದಿಯಲ್ಲಿ ಮೂತ್ರ ಮಾಡಬಾರದು ಎನ್ನುವುದನ್ನೂ ನಾನು ಅದೇ ಅಕ್ಷರದಲ್ಲಿ ಮಾಡಿಕೊಟ್ಟಿದ್ದೇನೆ. ಅದನ್ನು ಓದಿದವರು ಮಾಡಲೆಂದು ಬಂದದ್ದನ್ನು ಬಹಳ ಗೌರವದಿಂದ ಮಾಡಿ ಹೋಗಿರಬೇಕು.

ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎಂಬ ಮಾತಿದೆಯಲ್ಲ, ಅಕ್ಷರಕ್ಕೂ ಅದು ಸಲ್ಲುತ್ತದೆ. ಹೊರುವ ಅಕ್ಷರ ಬೇರೆ ಇದೆ. ಸಾದಾ, ತೆಳ್ಳಗಿನದು, ಬಸ್ಸಿನ ವೇಳಾಪಟ್ಟಿಯಲ್ಲಿ ಇರುವಂಥದ್ದು. ಅದು ಕೆಲಸದ್ದು. ಬೆಲ್‌ಬಾಟಮ್ಮಿನಲ್ಲಿ ನಾಲ್ಕು ಸಾಲು ಬರೆದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ಡಿಕ್ಕಿ ಹೊಡೆಯುತ್ತದೆ, ಅಳತೆ ಸಣ್ಣದು ಮಾಡಿದರೆ ಹೊಟ್ಟೆಯೊಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಇದನ್ನೆಲ್ಲ ಗಿರಾಕಿಗಳಿಗೆ ಹೇಳುತ್ತಿದ್ದೆ. ಎರಡು ವರ್ಷ ಹೇಳಿದ ಮೇಲೆ ಬಾಯಿ ನೋಯಿತು. ಕೇಳಿದ್ದನ್ನು ಕೊಟ್ಟು ಬೆನ್ನ ಹಿಂದೆ ನಗುವುದನ್ನು ಕಲಿತೆ. ಹೀಗೆ ನಗುವವರು ತಮ್ಮನ್ನು ಬುದ್ಧಿವಂತರೆಂದು ತಿಳಿದುಕೊಳ್ಳುತ್ತಾರೆ, ನಾನೂ ತಿಳಿದುಕೊಂಡಿದ್ದೆ.

ಈ ಹೊತ್ತಿಗೆ ಆ ಮೊದಲಿನ ಸಾಹುಕಾರರ ತೋಟದ ಸುತ್ತ ಆನೆ ಓಡಾಡಲು ಶುರುವಾಗಿತ್ತು. ಕೂಲಿಯವರ ಲೈನ್ ಮನೆಗಳಿಂದ ತೋಟದ ಮೇಲಿನ ಭಾಗಕ್ಕೆ ಒಂದು ಕಾಲುದಾರಿ ಇದೆ. ರಸ್ತೆ ಸುತ್ತಿಕೊಂಡು ಹೋದರೆ ಅರ್ಧ ಗಂಟೆ, ಕಾಲುದಾರಿಯಲ್ಲಿ ಹತ್ತು ನಿಮಿಷ. ಆನೆ ಬಂದ ಸುದ್ದಿ ಸಿಕ್ಕಿದ ದಿನ ತೋಟದ ಮೇಸ್ತ್ರಿ ಬೆಳಿಗ್ಗೆ ಬೇಗ ಹೋಗಿ ಒಂದು ಹಸಿ ಸೊಪ್ಪಿನ ಕೊಂಬೆ ಕಡಿದು ದಾರಿಗೆ ಅಡ್ಡ ಹಾಕುತ್ತಿದ್ದ. ಇದು ಅವನು ಕಂಡುಹಿಡಿದದ್ದಲ್ಲ, ನಮ್ಮ ಕಡೆ ಮೊದಲಿನಿಂದ ಇರುವುದು. ಜೇನು ಎದ್ದಿದ್ದರೂ ಸೊಪ್ಪು, ನೆರಳಿನ ಮರ ಕಡಿಯುತ್ತಿದ್ದರೂ ಸೊಪ್ಪು. ನಡೆಯುವವರು ಸೊಪ್ಪನ್ನು ನೋಡಿ, ಎಲೆ ಹಸಿಯಾಗಿದ್ದರೆ ಹಿಂದೆ ತಿರುಗುತ್ತಾರೆ, ಬಾಡಿದ್ದರೆ ದಾಟಿಕೊಂಡು ಹೋಗುತ್ತಾರೆ. ಬಾಡಿದ ಎಲೆ ಎಂದರೆ ನಿನ್ನೆ ಮೊನ್ನೆಯ ಅಪಾಯ, ಇವತ್ತಿನದಲ್ಲ. ಓದು ಬಂದರೂ ಬಾರದಿದ್ದರೂ ನಡೆಯುತ್ತದೆ.

ಸಾಹುಕಾರರಿಗೆ ಆ ಸೊಪ್ಪು ಕಣ್ಣಿಗೆ ಚುಚ್ಚಿತು. ಅವರ ಹೋಂಸ್ಟೇಗೆ ಬಂದವರನ್ನು ಬೆಳಿಗ್ಗೆ ಅದೇ ದಾರಿಯ ಬಾಯಿಯವರೆಗೆ ತೋಟ ತೋರಿಸಲು ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಒಣಗಿದ ಕೊಂಬೆ ಬಿದ್ದಿದ್ದರೆ ತೋಟ ನೋಡಿಕೊಳ್ಳುವವರಿಲ್ಲದ ಹಾಗೆ ಕಾಣುತ್ತದೆ ಎಂದು ಅವರ ದೂರು. ಇನ್ನು ಮೇಲೆ ಸೊಪ್ಪು ಹಾಕುವುದು ಬೇಡ, ಬೋರ್ಡು ಹಾಕೋಣ ಎಂದು ಮೇಸ್ತ್ರಿಗೆ ಹೇಳಿ ನನ್ನ ಅಂಗಡಿಗೆ ಬಂದರು. ಬರೆಯಬೇಕಾದದ್ದು ಇಷ್ಟು: ಆನೆಗಳ ಸಂಚಾರವಿದೆ, ಈ ದಾರಿಯಲ್ಲಿ ಹೋಗಬಾರದು. ಅಕ್ಷರ ಯಾವುದೆಂದು ನಾನು ಕೇಳುವ ಮೊದಲೇ ಅವರು ಹೇಳಿದರು.

ಇದೊಂದಕ್ಕೆ ನಾನು ಬಾಯಿ ಬಿಟ್ಟೆ. ಹಳದಿಯ ಮೇಲೆ ಕಪ್ಪಿನಲ್ಲಿ ಸಾದಾ ಅಕ್ಷರ ಹಾಕೋಣ ಸಾರ್, ಇದರಲ್ಲಿ ಹಾಕಿದರೆ ಹೋಂಸ್ಟೇ ಬೋರ್ಡಿನ ಹಾಗೆ ಕಾಣುತ್ತದೆ ಎಂದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು.

“ನಮ್ಮ ತೋಟದಲ್ಲಿ ಕಾಣೋದೆಲ್ಲ ಒಂದೇ ಥರ ಇರ್ಬೇಕು ಮಾರಾಯ್ತಿ. ಹಳದಿ ಬೋರ್ಡು ಹಾಕಿದ್ರೆ ಬಂದವರು ಹೆದರ್ತಾರೆ.”

ಹೆದರಲಿ ಎಂದೇ ಅಲ್ಲವೇ ಬೋರ್ಡು ಹಾಕುವುದು? ಈ ಮಾತು ನನಗೆ ಹೊಳೆದದ್ದು ಸಂಜೆ ಮನೆಯಲ್ಲಿ ಅಕ್ಕಿ ತೊಳೆಯುವಾಗ. ಅಷ್ಟರಲ್ಲಿ ಬೋರ್ಡು ಮುಗಿದಿತ್ತು. ಬರೀ ಮುಗಿಸಿದ್ದರೂ ಪರವಾಗಿರಲಿಲ್ಲ. ಕೆಲಸಕ್ಕೆ ಕೂತ ಮೇಲೆ ನನಗೆ ಚಂದ ಮಾಡುವ ಚಪಲ ಹತ್ತಿತ್ತು. ಒತ್ತಕ್ಷರಗಳು ಡಿಕ್ಕಿ ಹೊಡೆಯದ ಹಾಗೆ ಸಾಲುಗಳನ್ನು ಸರಿಸಿದೆ, ಎರಡೂ ಬದಿ ಸಮ ಮಾಡಿದೆ, ಮೂಲೆಯಲ್ಲಿ ಅದೇ ಕಾಫಿ ಕಡ್ಡಿ ಇಟ್ಟೆ. ಪಕ್ಕದಲ್ಲಿ ಒಂದು ಪುಟ್ಟ ಆನೆಯ ಚಿತ್ರವನ್ನೂ ಇಟ್ಟೆ, ಸೊಂಡಿಲು ಎತ್ತಿದ್ದು, ಊದುಬತ್ತಿ ಪೊಟ್ಟಣದ ಮೇಲೆ ಇರುತ್ತದಲ್ಲ ಹಾಗೆ. ಯಾರೂ ಕೇಳಿರಲಿಲ್ಲ.

ಬೋರ್ಡು ನಿಲ್ಲಿಸಿದ ವಾರದೊಳಗೆ ಸಾಹುಕಾರರು ಫೋನಿಗೆ ಒಂದು ಫೋಟೋ ಕಳಿಸಿದರು. ಹೊರಗಿನಿಂದ ಬಂದ ಒಂದು ಸಂಸಾರ ನನ್ನ ಬೋರ್ಡಿನ ಎರಡೂ ಬದಿಗೆ ನಿಂತು ಹಲ್ಲು ಬಿಡುತ್ತಿತ್ತು. ಗೆಸ್ಟುಗಳಿಗೆ ಬಹಳ ಇಷ್ಟವಾಯಿತೆಂದು ಕೆಳಗೆ ಬರೆದಿದ್ದರು. ಆನೆ ಇದೆ ಎನ್ನುವ ಬೋರ್ಡಿನ ಪಕ್ಕ ನಿಂತು ನಗುವವರ ಬುದ್ಧಿಯನ್ನು ನಾನು ಅಂಗಡಿಗೆ ಬಂದವರೆದುರು ಆಡಿಕೊಂಡೆ. ಫೋಟೋವನ್ನು ಮಾತ್ರ ಅಳಿಸಲಿಲ್ಲ.

ಹಣ್ಣು ಕೊಯ್ಲು ಶುರುವಾಯಿತು. ಒಂದು ಬೆಳಿಗ್ಗೆ ಲೈನ್ ಮನೆಯ ಹೆಂಗಸೊಬ್ಬಳು ಉಳಿದವರಿಗಿಂತ ಸ್ವಲ್ಪ ತಡವಾಗಿ ಹೊರಟವಳು ಕಾಲುದಾರಿ ಹಿಡಿದಳು. ಮಂಜು ಇನ್ನೂ ಎದ್ದಿರಲಿಲ್ಲ. ಮೇಲಿನ ತಿರುವಿನಲ್ಲಿ ಆನೆ ಬೈನೆ ಮರವನ್ನು ಮುರಿದು ತಿನ್ನುತ್ತ ನಿಂತಿತ್ತು. ಅದು ಇವಳನ್ನು ಅಟ್ಟಿಸಿಕೊಂಡು ಬರಲಿಲ್ಲವಂತೆ, ತಿರುಗಿ ನೋಡಿತಂತೆ ಅಷ್ಟೇ. ಇವಳು ಗಿಡಗಳ ನಡುವೆ ಓಡಿ, ನೀರು ಇಂಗಲು ತೋಡಿದ್ದ ಗುಂಡಿಗೆ ಬಿದ್ದಳು. ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಕೂಗಿದರೆ ಆನೆಗೆ ಕೇಳುತ್ತದೆಂದು ಬಾಯಿಗೆ ಸೆರಗು ತುರುಕಿಕೊಂಡು ಬಿದ್ದಿದ್ದವಳನ್ನು ಮೇಸ್ತ್ರಿ ಹುಡುಕಿಕೊಂಡು ಬಂದಾಗ ಹತ್ತು ಗಂಟೆ ದಾಟಿತ್ತು.

ಸಾಹುಕಾರರು ಆಸ್ಪತ್ರೆಗೆ ಜೀಪು ಕೊಟ್ಟರು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಜೀಪು ಕೊಟ್ಟ ಅವರೇ ನನ್ನ ಅಂಗಡಿಯ ಎದುರು ನಿಂತು ಆಡಿದ ಮಾತನ್ನೂ ಹೇಳಬೇಕು. ಬೋರ್ಡು ಹಾಕಿದ್ದೆವು, ಓದು ಬಾರದಿದ್ದರೆ ನಾವೇನು ಮಾಡುವುದು ಎಂದರು. ಅಲ್ಲಿದ್ದ ನಾಲ್ಕು ಜನ ಹೌದು ಹೌದು ಎಂದು ತಲೆ ಆಡಿಸಿದರು. ನಾನು ಆಡಿಸಲಿಲ್ಲ, ಇಲ್ಲ ಎನ್ನಲೂ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ತಾನಾಗಿ ಫೋನಿನ ಮೇಲೆ ಹೋಯಿತು. ಆ ಫೋಟೋ ಅದರಲ್ಲೇ ಇತ್ತು.

ಆಕೆ ಆಸ್ಪತ್ರೆಯಿಂದ ಬಂದ ಮೇಲೆ ಒಂದು ಭಾನುವಾರ ಬ್ರೆಡ್ಡು, ಬಾಳೆಹಣ್ಣು ತೆಗೆದುಕೊಂಡು ಲೈನ್ ಮನೆಗೆ ಹೋದೆ. ನನ್ನದೇ ವಯಸ್ಸಿನವಳು. ಮಂಚದ ಮೇಲೆ ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕೂತು ಹಳೆಯ ವಾರಪತ್ರಿಕೆ ಓದುತ್ತಿದ್ದಳು. ಓದುತ್ತಿದ್ದಳು! ಏಳನೇ ಕ್ಲಾಸಿನವರೆಗೆ ಶಾಲೆಗೆ ಹೋಗಿದ್ದಳಂತೆ, ಕೈಗೆ ಸಿಕ್ಕಿದ ಕಾಗದ ಬಿಡುತ್ತಿರಲಿಲ್ಲವಂತೆ. ಬೋರ್ಡು ಮಾಡಿದವಳು ನಾನೇ ಎಂದು ಹೇಳಿದೆ. ಬೋರ್ಡು ಕಾಣಲಿಲ್ಲವೇ ಎಂದು ಕೇಳಿದೆ.

“ಕಾಣ್ದೆ ಏನಕ್ಕ, ಅಷ್ಟು ದೊಡ್ಡದು. ದಿನಾ ಕಾಣ್ತಿತ್ತು. ಅದು ಗೆಸ್ಟಿಗೆ ಹಾಕಿದ್ದು ಅಂತ ಓದಕ್ಕೇ ಹೋಗ್ಲಿಲ್ಲ. ಆ ಅಕ್ಷರದಲ್ಲಿ ನಮಗೆ ಅಂತ ಯಾವತ್ತು ಏನು ಬರ್ದಿದ್ದಾರೆ ಹೇಳಿ. ಸೊಪ್ಪು ಇದೆಯಾ ಅಂತ ನೋಡ್ದೆ. ಇರ್ಲಿಲ್ಲ. ಹೋದೆ.”

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೂ ಮರಳಿ ಏನಾದರೂ ಹೇಳಲು ಬರುತ್ತಿತ್ತು. ಮೂವತ್ತು ವರ್ಷ ಅಕ್ಷರ ಬರೆದು ತಿಂದವಳು ನಾನು. ಅಕ್ಷರದ ತುದಿ ಹೀಗಿದೆ, ಹೊಟ್ಟೆ ಹೀಗಿದೆ ಎಂದು ಊರವರಿಗೆಲ್ಲ ಪಾಠ ಹೇಳಿದವಳು. ಅಕ್ಷರ ಯಾರ ಕಡೆ ಮುಖ ಮಾಡಿ ನಿಂತಿದೆ ಎನ್ನುವುದನ್ನು ನಾನು ನೋಡಿರಲೇ ಇಲ್ಲ. ಅದನ್ನು ಆಕೆ ನೋಡಿದ್ದಳು. ಅಲ್ಲಿ ಕೂತಿರಲು ನಾಚಿಕೆಯಾಯಿತು. ಕೊಟ್ಟ ಕಾಫಿ ಕುಡಿದು ಬೇಗ ಎದ್ದು ಬಂದೆ.

ಮನೆಗೆ ಬಂದು ಅಟ್ಟದಿಂದ ಬ್ರಷ್ಷುಗಳನ್ನು ತೆಗೆದೆ. ಎರಡು ಮಾತ್ರ ಉಳಿದಿದ್ದವು, ಉಳಿದವುಗಳ ಕೂದಲು ಉದುರಿತ್ತು. ಒಂದು ತಗಡಿಗೆ ಹಳದಿ ಬಳಿದು, ಕಪ್ಪಿನಲ್ಲಿ ಆನೆ ಇದೆ, ಹೋಗಬೇಡಿ ಎಂದು ಸಾದಾ ಅಕ್ಷರದಲ್ಲಿ ಬರೆದೆ. ಅಭ್ಯಾಸ ತಪ್ಪಿ ಸಾಲು ಸ್ವಲ್ಪ ಸೊಟ್ಟಗೆ ಬಂತು, ಹಾಗೇ ಬಿಟ್ಟೆ. ಮೇಲೆ ಎರಡು ತೂತು ಕೊರೆದು ತಂತಿ ಕಟ್ಟಿ ಮೇಸ್ತ್ರಿಯ ಕೈಗೆ ಕೊಟ್ಟು, ಆನೆ ಬಂದ ದಿನ ಮಾತ್ರ ಇದನ್ನು ನೇತುಹಾಕು, ಹೋದ ಮೇಲೆ ತೆಗೆದುಬಿಡು ಎಂದೆ. ಸಾಹುಕಾರರನ್ನು ಕೇಳಲು ಹೋಗಲಿಲ್ಲ. ಮೇಸ್ತ್ರಿ ಅದನ್ನು ತಿರುಗಿಸಿ ನೋಡಿ, ಆಗಲಿ, ಇದರ ಜೊತೆಗೆ ಸೊಪ್ಪನ್ನೂ ಹಾಕುತ್ತೇನೆ ಎಂದ. ನನ್ನ ಕೆಲಸದ ಮೇಲೆ ಅವನಿಗಿದ್ದ ನಂಬಿಕೆ ಅಷ್ಟು, ಅದು ಸರಿಯಾಗಿಯೇ ಇತ್ತು.

ಹಸಿರು ಬೋರ್ಡು ಈಗಲೂ ಅಲ್ಲೇ ಇದೆ. ಆನೆ ಇದ್ದ ದಿನವೂ ಇರುತ್ತದೆ, ಇಲ್ಲದ ದಿನವೂ ಇರುತ್ತದೆ. ಬಾಡುವುದಿಲ್ಲ. ಗೆಸ್ಟುಗಳು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಲೇ ಇದ್ದಾರೆ. ಸಾಹುಕಾರರು ಗೇಟಿನ ಹತ್ತಿರ ಇನ್ನೊಂದು ಬೇಕೆಂದು ಬಂದಾಗ ಆ ಫಾಂಟು ಹಾಳಾಗಿದೆ, ತೆರೆಯುವುದಿಲ್ಲ ಎಂದು ಸುಳ್ಳು ಹೇಳಿದೆ. ಅವರು ಚಿಕ್ಕಮಗಳೂರಿನಲ್ಲಿ ಮಾಡಿಸಿಕೊಂಡರು. ಅಂದಿನಿಂದ ಯಾರು ಕೇಳಿದರೂ ಅದೇ ಸುಳ್ಳು. ಕೋಳಿ ಅಂಗಡಿಯವನಿಗೂ ಅದನ್ನೇ ಹೇಳಿದೆ.

ಬೇಸಗೆಯ ಮೊದಲ ಮಳೆ ಬಿದ್ದು ಕಾಫಿ ಹೂವಾಗಿದ್ದ ವಾರ ಲೈನ್ ಮನೆಯ ಆಕೆ ಅಂಗಡಿಗೆ ಬಂದಳು. ಕೈಯಲ್ಲಿ ಕೋಲಿತ್ತು. ಬಲಗಾಲನ್ನು ಎತ್ತಿ ಮೆಟ್ಟಿಲ ಮೇಲೆ ಇಡಲು ಸ್ವಲ್ಪ ಹೊತ್ತು ಹಿಡಿಯಿತು. ಇನ್ನು ಇಳಿಜಾರಿನಲ್ಲಿ ನಿಂತು ಹಣ್ಣು ಕೊಯ್ಯಲು ಆಗುವುದಿಲ್ಲವೆಂದು ಡಾಕ್ಟರು ಹೇಳಿದ್ದರಂತೆ, ಕಣದಲ್ಲಿ ಕೂತು ಕಾಳು ಆರಿಸುವ ಕೆಲಸ ಕೊಟ್ಟಿದ್ದಾರಂತೆ. ಮಗಳ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಮಾಡಿಸಬೇಕಿತ್ತು. ನಾನು ಕುರ್ಚಿ ಎಳೆದುಕೊಟ್ಟು, ಇರುವುದರಲ್ಲಿ ಚಂದದ ಸಾದಾ ಅಕ್ಷರಗಳನ್ನು ಒಂದೊಂದಾಗಿ ತೋರಿಸಿದೆ. ಇದು ಸ್ಪಷ್ಟ, ಇದು ಹಗುರ, ಇದರಲ್ಲಿ ಎಷ್ಟು ಸಾಲಾದರೂ ಹಿಡಿಸುತ್ತದೆ ಎಂದು ವಿವರಿಸಿದೆ. ಆಕೆ ಎಲ್ಲವನ್ನೂ ಮರ್ಯಾದೆಯಿಂದ ನೋಡಿದಳು. ಆಮೇಲೆ ತೋಟದ ಬೋರ್ಡಿನ ಅಕ್ಷರ ಇದೆಯಾ ಎಂದು ಕೇಳಿದಳು.

ಅದು ಹಾಳಾಗಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಅದೇ ಯಾಕೆ, ಅದರಿಂದಲೇ ಅಲ್ಲವೇ ನಿನಗೆ ಹೀಗಾದದ್ದು ಎಂದೆ.

“ಗೆಸ್ಟಿಗೆ ಬರೆದ ಹಾಗೇ ಬರೀರಿ ಅಕ್ಕ. ನಮ್ಮನೆಗೂ ಗೆಸ್ಟ್ ಬರ್ತಾರಲ್ಲ.”

ಇಷ್ಟು ವರ್ಷ ಆ ಅಕ್ಷರ ಕೇಳಿದವರನ್ನೆಲ್ಲ ನಾನು ಒಂದೇ ತಕ್ಕಡಿಯಲ್ಲಿ ಹಾಕಿ ನಕ್ಕಿದ್ದೆ. ಕೋಳಿ ಅಂಗಡಿಯವನ ಮುಖ ನೆನಪಾಯಿತು, ತಂದೆಯನ್ನು ಕಳೆದುಕೊಂಡವನ ಮುಖವೂ ನೆನಪಾಯಿತು. ಅವರ ಮೇಲೆ ನಕ್ಕದ್ದೆಲ್ಲ ತಪ್ಪು ಎಂದು ಈಗಲೂ ಹೇಳಲಾರೆ, ಆ ಫ್ಲೆಕ್ಸ್ ಕೆಟ್ಟದಾಗಿಯೇ ಇತ್ತು. ಆದರೆ ಅವರಿಗೆ ಏನು ಬೇಕಾಗಿತ್ತು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಕಂಪ್ಯೂಟರಿನ ಪಟ್ಟಿಯಲ್ಲಿ ಆ ಅಕ್ಷರವನ್ನು ಹುಡುಕಿ ತೆರೆದೆ. ಹುಡುಗಿಯ ಹೆಸರು, ಹುಡುಗನ ಹೆಸರು ಅದರಲ್ಲಿ ದೊಡ್ಡದಾಗಿ ಇರಲಿ, ಉಳಿದದ್ದು ಸಾದಾ ಅಕ್ಷರದಲ್ಲಿರಲಿ ಎಂದು ಹೇಳಿ ನೋಡಿದೆ. ಕರೆಯುವ ಮಾತೂ ಅದರಲ್ಲೇ ಬೇಕೆಂದಳು. ನಾನು ಒತ್ತಕ್ಷರಗಳನ್ನು ಒಂದೊಂದಾಗಿ ಸರಿಸಿ ಡಿಕ್ಕಿ ತಪ್ಪಿಸಿದೆ, ಸಾಲುಗಳ ನಡುವೆ ಜಾಗ ಬಿಟ್ಟೆ, ಕಾಗದವನ್ನೇ ಒಂದು ಅಳತೆ ದೊಡ್ಡದು ಮಾಡಿದೆ. ಕಡು ಹಸಿರು, ಬಂಗಾರದ ಬಣ್ಣ. ಮೂಲೆಯಲ್ಲಿ ಕಾಫಿ ಕಡ್ಡಿ ಇಡಲೇ ಎಂದು ಈ ಸಲ ಕೇಳಿಯೇ ಇಟ್ಟೆ. ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಆಕೆ ಕೋಲನ್ನು ಮೇಜಿಗೆ ಒರಗಿಸಿ, ಬೆರಳಿಟ್ಟುಕೊಂಡು, ಮೇಲಿನ ಶ್ರೀಕಾರದಿಂದ ಕೊನೆಯ ಸಾಲಿನವರೆಗೆ ಒಂದಕ್ಷರವನ್ನೂ ಬಿಡದೆ ಓದಿದಳು.